ಬಲಿಪೀಠದ ಗೋಡೆಯ ಹೊರಗೆ ನಿಂತ ಕಲಾವಿದ

ಕಥೋಲಿಕ ಕುಟುಂಬದ ಮನೆಯೊಳಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಗೋಡೆಯ ಮೇಲಿನ ಯೇಸುವಿನ ಪವಿತ್ರ ಹೃದಯದ ಪಟದ ಕಡೆಗೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹೆಂಚಿನ ಮನೆಯಿರಲಿ, ಪೇಟೆಯ ತಾರಸಿ ಮನೆಯಿರಲಿ, ಆ ಪಟವಿಲ್ಲದ ಮನೆ ಅಪರೂಪ. ಸಂಜೆಯ ಜಪಸರಕ್ಕೆ ಮನೆಮಂದಿ ಕೂಡುವುದು ಅದರ ಮುಂದೆಯೇ. ಆದರೆ ಅದರಲ್ಲಿನ ಪ್ರಭುವಿನ ಮುಖ ಹೀಗೇ ಏಕಿದೆ, ಒಳ್ಳೆಯ ಪವಿತ್ರ ಚಿತ್ರವೆಂದರೆ ಯಾವುದು, ನಮ್ಮ ಬದುಕಿಗೂ ಆ ಚಿತ್ರಕ್ಕೂ ಇರುವ ನಂಟೇನು ಎಂಬ ಪ್ರಶ್ನೆಗಳನ್ನು ನಾವು ಕೇಳಿಕೊಳ್ಳುವುದು ವಿರಳ. ಭಕ್ತಿಗೆ ಈ ಪ್ರಶ್ನೆಗಳು ಬೇಕಿಲ್ಲವೆಂದು ಕೆಲವರು ಹೇಳಬಹುದು. ಬೇಕು ಎಂಬುದು ನನ್ನ ನಿಲುವು. ಇದನ್ನು ವಿವರಿಸಲು ನಮ್ಮವನಲ್ಲದ ಒಬ್ಬ ಕಲಾವಿದನನ್ನು ಇಲ್ಲಿ ಕರೆದು ತರುತ್ತಿದ್ದೇನೆ. ಆತನೇ ಹಾಲೆಂಡಿನ ವಿನ್ಸೆಂಟ್ ವ್ಯಾನ್‌ಗೋ.

ವ್ಯಾನ್‌ಗೋ ಕಥೋಲಿಕನಲ್ಲ. ಪ್ರೊಟೆಸ್ಟೆಂಟ್ ಸಭಾಪಾಲಕರ ಮಗನಾಗಿ 1853ರ ಮಾರ್ಚ್ 30ರಂದು ಹುಟ್ಟಿ, 1890ರ ಜುಲೈ 29ರಂದು ಫ್ರಾನ್ಸಿನಲ್ಲಿ ತೀರಿಕೊಂಡ. ಅಂದರೆ ಬದುಕಿದ್ದು ಕೇವಲ 37 ವರ್ಷ. ಅದರಲ್ಲಿ ಚಿತ್ರಕಾರನಾಗಿ ದುಡಿದದ್ದು ಕೊನೆಯ ಹತ್ತು ವರ್ಷ ಮಾತ್ರ. ಇಂಪ್ರೆಷನಿಸ್ಟ್ ಪಂಥದವರು ಬೆಳಕಿನ ಆಟವನ್ನು ಕಣ್ಣಿಗೆ ಕಂಡಂತೆ ಹಿಡಿಯಲು ಹೊರಟರೆ, ಅವರ ಬೆನ್ನಿಗೇ ಬಂದ ಈತ ಮತ್ತು ಈತನ ಸಮಕಾಲೀನರಾದ ಗೊಗ್ಯಾನ್, ಸೆಜಾನ್ ಮೊದಲಾದವರು ಕಂಡದ್ದರ ಜೊತೆಗೆ ಒಳಗೆ ಅನಿಸಿದ್ದನ್ನೂ ಬಣ್ಣದಲ್ಲಿ ಹೇಳಲು ಯತ್ನಿಸಿದರು. ಇವರಿಗೆ ‘ಪೋಸ್ಟ್ ಇಂಪ್ರೆಷನಿಸ್ಟ್’ ಎಂಬ ಹೆಸರಿಟ್ಟವನು ಇಂಗ್ಲೆಂಡಿನ ವಿಮರ್ಶಕ ರೋಜರ್ ಫ್ರೈ. ಅದು 1910ರಲ್ಲಿ, ವ್ಯಾನ್‌ಗೋ ಸತ್ತು ಇಪ್ಪತ್ತು ವರ್ಷಗಳ ಮೇಲೆ. ಇಂದು ಆತನ ‘ನಕ್ಷತ್ರಗಳ ರಾತ್ರಿ’ ಚಿತ್ರ ಚಹಾ ಲೋಟಗಳ ಮೇಲೂ ನೋಟುಪುಸ್ತಕಗಳ ಮೇಲೂ ಅಚ್ಚಾಗಿ ನಮ್ಮ ಮಕ್ಕಳ ಕೈಗೆ ಬಂದಿದೆ. ಆತನನ್ನು ಸಂತನೆಂದು ಹೊಗಳುವವರಿದ್ದಾರೆ. ಕಿವಿ ಕೊಯ್ದುಕೊಂಡ ಹುಚ್ಚನೆಂದು ತಳ್ಳಿಹಾಕುವವರೂ ಇದ್ದಾರೆ. ಈ ಎರಡು ಮಾತುಗಳಲ್ಲಿ ಯಾವುದೂ ಆತನ ಚಿತ್ರಗಳನ್ನು ನೋಡಿ ಆಡಿದ ಮಾತಲ್ಲ. ನಾನು ನೋಡಿರುವುದು ಅಚ್ಚಿನ ಪ್ರತಿಗಳನ್ನೇ ಆದರೂ, ಚಿತ್ರಗಳನ್ನು ಮುಂದಿಟ್ಟುಕೊಂಡೇ ಅಭಿಪ್ರಾಯ ಹೇಳಲು ಬಯಸುತ್ತೇನೆ.

ಆತ ಕುಂಚ ಹಿಡಿಯುವ ಮುನ್ನ ಹಿಡಿದದ್ದು ಪವಿತ್ರ ಗ್ರಂಥವನ್ನು. 1876ರಲ್ಲಿ ಇಂಗ್ಲೆಂಡಿನಲ್ಲಿ ತನ್ನ ಮೊದಲ ಪ್ರಸಂಗ ಮಾಡಿದ. ಬಳಿಕ ಆಮ್‌ಸ್ಟರ್‌ಡ್ಯಾಮಿನಲ್ಲಿ ದೈವಶಾಸ್ತ್ರದ ಪ್ರವೇಶ ಪರೀಕ್ಷೆಗೆ ಓದಲು ಹೋಗಿ ಅದನ್ನು ಕೈಬಿಟ್ಟ. 1878ರ ಕೊನೆಯಲ್ಲಿ ಬೆಲ್ಜಿಯಮ್ಮಿನ ಬೊರಿನಾಜ್ ಎಂಬ ಕಲ್ಲಿದ್ದಲು ಸೀಮೆಗೆ ತೆರಳಿ, ಮರುವರ್ಷ ಅಲ್ಲಿ ಆರು ತಿಂಗಳ ಅವಧಿಗೆ ಧರ್ಮಬೋಧಕನಾಗಿ ನೇಮಕಗೊಂಡ. ಗಣಿ ಕಾರ್ಮಿಕರ ಬಡತನ ಕಂಡು ತನ್ನ ಬಟ್ಟೆಬರೆಗಳನ್ನು ಹಂಚಿದ. ಗುಡಿಸಲಿನಲ್ಲಿ ಹುಲ್ಲಿನ ಮೇಲೆ ಮಲಗಿದ. ಗಣಿ ಸ್ಫೋಟದಲ್ಲಿ ಸುಟ್ಟು ಗಾಯಗೊಂಡವರ ಶುಶ್ರೂಷೆ ಮಾಡಿದ. ಅವಧಿ ಮುಗಿದಾಗ ಆತನನ್ನು ಕಳುಹಿಸಿದ್ದ ಸಮಿತಿ ನೇಮಕವನ್ನು ಮುಂದುವರಿಸಲಿಲ್ಲ. ಮಾತುಗಾರಿಕೆ ಸಾಲದು ಎಂಬುದು ಒಂದು ಕಾರಣ. ಆತನ ಬಡತನದ ಬಾಳು ಬೋಧಕನ ಘನತೆಗೆ ತಕ್ಕದ್ದಲ್ಲ ಎಂಬ ಅಸಮಾಧಾನ ಇನ್ನೊಂದು. ಇದ್ದ ಎರಡು ಅಂಗಿಗಳಲ್ಲಿ ಒಂದನ್ನು ಕೊಟ್ಟುಬಿಡಬೇಕೆಂಬ ಬೋಧನೆಯನ್ನು ಅಕ್ಷರಶಃ ಪಾಲಿಸಿದವನಿಗೆ ಬಾಗಿಲು ತೋರಿಸಲಾಯಿತು. ಆತ ಚಿತ್ರಕಾರನಾಗಲು ನಿರ್ಧರಿಸಿದ್ದು ಅದರ ಮರುವರ್ಷ, 1880ರಲ್ಲಿ.

ಈ ಹಿನ್ನೆಲೆಯಲ್ಲಿ ನೋಡಬೇಕಾದದ್ದು 1885ರ ‘ಆಲೂಗಡ್ಡೆ ತಿನ್ನುವವರು’ ಎಂಬ ಚಿತ್ರವನ್ನು. ನ್ಯೂನೆನ್ ಎಂಬ ಹಳ್ಳಿಯ ಬಡ ರೈತಾಪಿ ಕುಟುಂಬದ ಐವರು, ತೂಗುಬಿಟ್ಟ ಎಣ್ಣೆದೀಪವೊಂದರ ಅಡಿಯಲ್ಲಿ, ಒಂದೇ ತಟ್ಟೆಯಿಂದ ಬಿಸಿ ಆಲೂಗಡ್ಡೆ ತಿನ್ನುತ್ತಿದ್ದಾರೆ. ಹಿರಿಯ ಹೆಂಗಸು ಕಾಫಿ ಬಗ್ಗಿಸುತ್ತಿದ್ದಾಳೆ. ಚಿತ್ರದ ಬಣ್ಣ ಮಣ್ಣು ಮೆತ್ತಿದ, ಸಿಪ್ಪೆ ಸುಲಿಯದ ಆಲೂಗಡ್ಡೆಯದೇ ಬಣ್ಣ. ತಟ್ಟೆಗೆ ಚಾಚಿದ ಈ ಕೈಗಳೇ ನೆಲವನ್ನು ಅಗೆದ ಕೈಗಳು, ಇವರು ಉಣ್ಣುವ ಅನ್ನ ಪ್ರಾಮಾಣಿಕವಾಗಿ ದುಡಿದದ್ದು ಎಂಬುದನ್ನು ತೋರಿಸುವುದೇ ತನ್ನ ಉದ್ದೇಶವೆಂದು ಆತ ತಮ್ಮ ಥಿಯೋನಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ.

ಮಲೆನಾಡಿನವರಿಗೆ ಈ ಚಿತ್ರ ಪರದೇಶದ್ದೆಂದು ಅನಿಸಲಾರದು. ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಬಹುಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರ ಸಾಲನ್ನು ಕಂಡವರು ಆ ದೀಪವನ್ನೂ ಆ ಕೈಗಳನ್ನೂ ಒಡನೆಯೇ ಗುರುತಿಸುತ್ತಾರೆ. ಅಡಿಕೆಯ ಚೊಗರು ಹತ್ತಿ ಕಪ್ಪಾದ ಆ ಬೆರಳುಗಳಲ್ಲಿ ನಮ್ಮ ಧರ್ಮಕೇಂದ್ರಗಳ ಎಷ್ಟೋ ತಾಯಂದಿರ ಬೆರಳುಗಳೂ ಇವೆ. ಭಾನುವಾರದ ಬಲಿಪೂಜೆಯಲ್ಲಿ ಪರಮಪ್ರಸಾದಕ್ಕಾಗಿ ಚಾಚುವುದು ಇದೇ ಕೈಗಳನ್ನು.

ಚಿತ್ರದ ಎಡಭಾಗದ ಗೋಡೆಯ ಮೇಲೆ, ಗಡಿಯಾರದ ಪಕ್ಕದಲ್ಲಿ, ಮಬ್ಬಾಗಿ ಕಾಣುವ ಒಂದು ಸಣ್ಣ ಪಟವಿದೆ. ಅದು ಶಿಲುಬೆಗೇರಿದ ಪ್ರಭುವಿನ ಪಟ. ನಮ್ಮ ಮನೆಗಳಲ್ಲಿರುವಂಥದೇ ಅಗ್ಗದ ಅಚ್ಚಿನ ಪಟ. ಪ್ರೊಟೆಸ್ಟೆಂಟ್ ಮನೆತನದ ಕಲಾವಿದ ಅದನ್ನು ಕೈಬಿಡಲಿಲ್ಲ. ದೊಡ್ಡದು ಮಾಡಿ ಮೆರೆಸಲೂ ಇಲ್ಲ. ಆ ಮನೆಯಲ್ಲಿ ಅದು ಎಲ್ಲಿತ್ತೋ ಅಲ್ಲಿಯೇ ಇಟ್ಟ. ಹೊಗೆ ಹಿಡಿದ ಆ ಪಟ, ಅದರ ಕೆಳಗಿನ ಹಂಚಿ ತಿನ್ನುವ ಊಟ, ಇವೆರಡನ್ನೂ ಒಟ್ಟಾಗಿ ನೋಡಿದಾಗ ಎಮ್ಮಾವುಸಿನ ಮನೆಯಲ್ಲಿ ರೊಟ್ಟಿ ಮುರಿದ ಸಂಜೆ ನೆನಪಾಗುತ್ತದೆ. ಚಿತ್ರದಲ್ಲಿ ಕುಂದುಗಳಿಲ್ಲವೆಂದಲ್ಲ. ಕೈಕಾಲುಗಳ ಅಳತೆ ಅಲ್ಲಲ್ಲಿ ತಪ್ಪಿದೆ. ಕುಳಿತವರ ನೋಟಗಳು ಒಂದಕ್ಕೊಂದು ಕೂಡುವುದಿಲ್ಲ. ಆತನ ಗೆಳೆಯ ವ್ಯಾನ್ ರಾಪಾರ್ಡ್ ಅಂದೇ ಇದನ್ನು ಕಟುವಾಗಿ ಟೀಕಿಸಿ ಸ್ನೇಹವೇ ಕೆಟ್ಟಿತು. ಆದರೂ ಆತನ ಎಲ್ಲ ಚಿತ್ರಗಳಲ್ಲಿ ನಾನು ಅತ್ಯಂತ ಪವಿತ್ರವೆಂದು ಎಣಿಸುವುದು ಇದನ್ನೇ.

ವಿಷಾದದ ಸಂಗತಿಯೆಂದರೆ, ಅದೇ ವರ್ಷ ಆ ಹಳ್ಳಿಯ ಕಥೋಲಿಕ ಗುರುಗಳು ತಮ್ಮ ಜನರು ಈತನ ಮುಂದೆ ಚಿತ್ರಕ್ಕಾಗಿ ಕುಳಿತುಕೊಳ್ಳಬಾರದೆಂದು ತಡೆದರು. ಮದುವೆಯಾಗದ ಹೆಣ್ಣುಮಗಳೊಬ್ಬಳ ಬಸಿರಿಗೆ ಈತ ಕಾರಣನೆಂಬ ಗುಸುಗುಸು ಎದ್ದಿತ್ತು; ಆತ ಅದನ್ನು ಅಲ್ಲಗಳೆದಿದ್ದ. ಜನರ ಮಾನ ಕಾಯುವುದು ಗುರುಗಳ ಕರ್ತವ್ಯವೆಂಬುದನ್ನು ಒಪ್ಪೋಣ. ಆದರೆ ಬಡವರ ಮುಖದಲ್ಲಿ ಬೆಲೆಯನ್ನು ಕಂಡವನಿಗೆ ಎರಡನೆಯ ಬಾಗಿಲೂ ಹೀಗೆ ಮುಚ್ಚಿತು.

ಇನ್ನು ಪ್ರಭು ಯೇಸುವನ್ನೇ ಚಿತ್ರಿಸುವ ವಿಷಯ. 1888ರಲ್ಲಿ ಆತ ಗೆತ್ಸೆಮನಿಯ ತೋಪಿನಲ್ಲಿ ಕ್ರಿಸ್ತರನ್ನು ದೇವದೂತನೊಡನೆ ಚಿತ್ರಿಸಲು ಎರಡು ಬಾರಿ ತೊಡಗಿದ. ಎರಡು ಬಾರಿಯೂ ಬಣ್ಣವನ್ನು ಕೆರೆದು ಹಾಕಿದ. ಎದುರಿಗೆ ಮಾದರಿಯಿಲ್ಲದೆ ಇಂಥ ಮುಖವನ್ನು ಕಲ್ಪಿಸಿ ಬರೆಯಲಾರೆನೆಂಬುದು ಆತನ ಸಂಕಟ. 1889ರಲ್ಲಿ ಗೊಗ್ಯಾನ್ ಅದೇ ವಿಷಯವನ್ನು ಬರೆದಾಗ ಕ್ರಿಸ್ತರಿಗೆ ತನ್ನದೇ ಮುಖವನ್ನು ಕೊಟ್ಟ. ಎಮಿಲ್ ಬೆರ್ನಾರ್ ಎಂಬ ಇನ್ನೊಬ್ಬ ಗೆಳೆಯನೂ ಅದೇ ವಿಷಯವನ್ನು ಬರೆದ. ವ್ಯಾನ್‌ಗೋ ಈ ಚಿತ್ರಗಳನ್ನು ಒಪ್ಪಲಿಲ್ಲ. ಸಂತ ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿದ್ದುಕೊಂಡು, ಹೊರಗಿನ ನಿಜವಾದ ಆಲಿವ್ ತೋಪುಗಳನ್ನೇ ಮತ್ತೆ ಮತ್ತೆ ಬರೆದ. ಹಿಂಡಿ ತಿರುಚಿದಂತಿರುವ ಆ ಕಾಂಡಗಳಲ್ಲಿ ಮನುಷ್ಯರೇ ಇಲ್ಲದ ಗೆತ್ಸೆಮನಿ ಇದೆ. ಕಾಣದ್ದನ್ನು ಕಂಡಂತೆ ಬರೆಯದ ಈ ನಿಷ್ಠೆಯನ್ನು ನಾನು ಗೌರವಿಸುತ್ತೇನೆ. ಸಿಹಿಮುಖದ ಕ್ರಿಸ್ತರನ್ನು ಎಣಿಕೆಯಿಲ್ಲದೆ ಅಚ್ಚುಹಾಕುವ ಕ್ಯಾಲೆಂಡರಿನವರಿಗೆ ಈ ಅಂಜಿಕೆಯ ಒಂದು ಪಾಲಾದರೂ ಇರಬೇಕಿತ್ತು.

ಆದರೆ ಅದೇ ಚಿಕಿತ್ಸಾಲಯದಲ್ಲಿ ಆತ ಹಿರಿಯರ ಚಿತ್ರಗಳ ಅಚ್ಚುಗಳನ್ನು ನೋಡಿ ಬರೆದ ಪವಿತ್ರ ಚಿತ್ರಗಳ ಬಗ್ಗೆ ನನ್ನ ತಕರಾರಿದೆ. 1889ರಲ್ಲಿ ದೆಲಾಕ್ರೋವಾನ ಚಿತ್ರವನ್ನು ಅನುಸರಿಸಿ, ಮಡಿದ ಮಗನೊಡನೆ ಇರುವ ಮರಿಯಮ್ಮನವರನ್ನು ಬರೆದ. ಇದರ ಒಂದು ಚಿಕ್ಕ ಆವೃತ್ತಿ ಇಂದು ವ್ಯಾಟಿಕನ್ ವಸ್ತುಸಂಗ್ರಹಾಲಯದಲ್ಲಿದೆ. ಪೋಪ್ ಆರನೆಯ ಪೌಲರು 1973ರಲ್ಲಿ ತೆರೆದ ಆಧುನಿಕ ಧಾರ್ಮಿಕ ಕಲೆಯ ವಿಭಾಗಕ್ಕೆ ಅದು ಸೇರಿದೆ. ಮಡಿದ ಪ್ರಭುವಿನ ಗಡ್ಡ ಕೆಂಪಾಗಿದೆ. ಅದು ಕಲಾವಿದನದೇ ಗಡ್ಡದ ಬಣ್ಣ. ರೋಗಿಯೊಬ್ಬ ಪ್ರಭುವಿನ ನೋವಿನಲ್ಲಿ ತನ್ನ ನೋವನ್ನು ಇಡುವುದು ಸಹಜ. ನಾವೂ ಶಿಲುಬೆ ಹಾದಿಯಲ್ಲಿ ಮಾಡುವುದು ಅದನ್ನೇ. ಆದರೆ ಗೊಗ್ಯಾನನಲ್ಲಿ ಒಪ್ಪದಿದ್ದುದಕ್ಕೆ ಹತ್ತಿರವಾದುದನ್ನೇ ಇಲ್ಲಿ ತಾನೂ ಮಾಡಿದಂತೆ ಕಾಣುತ್ತದೆ. ಮಗನ ದುಃಖ ಚಿತ್ರವನ್ನೆಲ್ಲ ತುಂಬಿ, ತಾಯಿಯ ದುಃಖಕ್ಕೆ ಜಾಗ ಕಡಿಮೆಯಾಗಿದೆ.

1890ರ ಮೇ ತಿಂಗಳಿನ ‘ಲಾಸರನ ಪುನರುತ್ಥಾನ’ದಲ್ಲಿ ತೊಡಕು ಇನ್ನೂ ದೊಡ್ಡದು. ರೆಂಬ್ರಾಂಟನ ಮೂಲ ಅಚ್ಚುಚಿತ್ರದಲ್ಲಿ ಕ್ರಿಸ್ತರು ಕೈಯೆತ್ತಿ ನಿಂತಿದ್ದಾರೆ. ವ್ಯಾನ್‌ಗೋ ಕ್ರಿಸ್ತರನ್ನು ಬಿಟ್ಟುಬಿಟ್ಟು, ಲಾಸರನ ಮತ್ತು ಅವನ ಸೋದರಿಯರ ಮೇಲೆ ದೊಡ್ಡದೊಂದು ಸೂರ್ಯನನ್ನು ಇಟ್ಟ. ಬಣ್ಣ ಸೊಗಸಾಗಿದೆ, ನಿಜ. ಆದರೆ ಹೆಸರು ಹಿಡಿದು ಕರೆಯುವವರಿಲ್ಲದೆ ಲಾಸರ ಏಳುವುದು ಹೇಗೆ? ಸೂರ್ಯ ಎಲ್ಲರ ಮೇಲೂ ಒಂದೇ ಸಮನಾಗಿ ಉದಯಿಸುತ್ತಾನೆ. ಗೆಳೆಯನ ಸಮಾಧಿಯ ಮುಂದೆ ನಿಂತು ಕಣ್ಣೀರು ಹಾಕುವುದಿಲ್ಲ. ಕ್ರಿಸ್ತರನ್ನು ತೆಗೆದ ಮೇಲೆ ಉಳಿಯುವುದು ಪುನರುತ್ಥಾನವಲ್ಲ, ಒಂದು ಬೆಳಗು ಮಾತ್ರ. ಅದೇ ತಿಂಗಳು ಬರೆದ ‘ದಯಾಳುವಾದ ಸಮಾರಿಯದವ’ ಇದಕ್ಕಿಂತ ಎಷ್ಟೋ ಮೇಲು. ಗಾಯಾಳುವನ್ನು ಕುದುರೆಯ ಮೇಲೆ ಎತ್ತಿ ಕೂರಿಸಲು ಹೆಣಗುವವನ ಬಾಗಿದ ಬೆನ್ನಿನಲ್ಲಿ ಪ್ರೀತಿಯ ಭಾರ ಎಷ್ಟೆಂಬುದು ಕಾಣುತ್ತದೆ. ಆ ಭಾರವನ್ನು ಆತ ಬೊರಿನಾಜಿನಲ್ಲಿ ಹೊತ್ತು ಬಲ್ಲವನಾಗಿದ್ದ.

ಇಲ್ಲಿ ನಮ್ಮ ನಾಡಿಗೆ ಸಂಬಂಧಪಟ್ಟ ಇನ್ನೊಬ್ಬ ಕಲಾವಿದರನ್ನು ನೆನೆಯಬೇಕು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ಚಿತ್ರಗಳಿಂದ ತುಂಬಿದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರು ಇಟಲಿಯ ಬೆರ್ಗಮೊ ಸಮೀಪದ ಸ್ತೆಜಾನೊದಲ್ಲಿ ಹುಟ್ಟಿದ್ದು 1854ರ ಜನವರಿಯಲ್ಲಿ. ಅಂದರೆ ಅವರು ವ್ಯಾನ್‌ಗೋಗಿಂತ ಹತ್ತು ತಿಂಗಳಷ್ಟೇ ಕಿರಿಯರು. 1899ರಿಂದ 1901ರವರೆಗೆ ದುಡಿದು ಅವರು ಅಲ್ಲಿನ ಗೋಡೆ ಮತ್ತು ಮಾಳಿಗೆಗಳ ಮೇಲೆ ಸಂತ ಅಲೋಶಿಯಸರ ಬಾಳನ್ನೂ ಪ್ರೇಷಿತರನ್ನೂ ಪ್ರಭುವಿನ ಜೀವನದ ಘಟನೆಗಳನ್ನೂ ಬರೆದರು. ನಮ್ಮ ಮೂರು ತಾಲ್ಲೂಕುಗಳ ಅನೇಕ ಕುಟುಂಬಗಳ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಬಂದವರು. ಊರಿಗೆ ಹೋದಾಗ ಆ ಪ್ರಾರ್ಥನಾಲಯವನ್ನು ನೋಡಿ ಬಾರದವರು ಕಡಿಮೆ. ಪವಿತ್ರ ಚಿತ್ರವೆಂದರೆ ಹೀಗಿರಬೇಕು ಎಂಬ ನಮ್ಮ ಕಲ್ಪನೆಯಲ್ಲಿ ಮೊಸ್ಕೇನಿಯವರ ಪಾಲು ದೊಡ್ಡದು.

ಒಂದೇ ತಲೆಮಾರಿನ ಇಬ್ಬರು. ಒಬ್ಬರು ಸಭೆಯ ಒಳಗೆ ನಿಂತು, ಗುರುಹಿರಿಯರ ಅಪ್ಪಣೆಯಂತೆ, ಸಮುದ್ರದಾಚೆಯ ಊರಿನಲ್ಲಿ ಒಂದು ಮಂದಿರವನ್ನೇ ತುಂಬಿದರು. ಇನ್ನೊಬ್ಬ ಹೊರಗೆ ನಿಂತು, ತನ್ನ ಕಲ್ಪನೆಯಿಂದ ಕ್ರಿಸ್ತರ ಒಂದು ಮುಖವನ್ನೂ ಬರೆಯಲಾರದೆ ಹೋದ. ಮೊಸ್ಕೇನಿಯವರಲ್ಲಿ ಇರುವುದು ಸಭೆಯ ಒಟ್ಟು ನಂಬಿಕೆಯ ನೆಮ್ಮದಿ. ಅದು ವ್ಯಾನ್‌ಗೋನಲ್ಲಿ ಇಲ್ಲ. ವ್ಯಾನ್‌ಗೋನಲ್ಲಿ ಇರುವುದು ಎದುರಿಗೆ ಕುಳಿತ ಬಡವನ ಮುಖ. ಇಟಲಿಯ ಸಂಪ್ರದಾಯದ ಸುಂದರ ಚಿತ್ರಗಳಲ್ಲಿ ಅದನ್ನು ನಾವು ಹುಡುಕಬೇಕಾಗುತ್ತದೆ. ನನಗೆ ಎರಡೂ ಬೇಕು. ಒಂದು ಇನ್ನೊಂದನ್ನು ಹೊರಗಿಡುವಂತಾದುದೇ ಆ ಕಾಲದ ನಷ್ಟ.

ಜಗತ್ತು ಮೆಚ್ಚಿದ ‘ನಕ್ಷತ್ರಗಳ ರಾತ್ರಿ’ಯನ್ನು ನಾನು ಅಷ್ಟಾಗಿ ಮೆಚ್ಚಲಾರೆ. 1889ರ ಜೂನ್ ತಿಂಗಳಿನ ಈ ಚಿತ್ರದಲ್ಲಿ ಆಕಾಶ ಸುಳಿಸುಳಿಯಾಗಿ ಹರಿಯುತ್ತದೆ. ಕೆಳಗೆ ಪುಟ್ಟ ಊರು ಮಲಗಿದೆ. ಮನೆಗಳ ಕಿಟಕಿಗಳಲ್ಲಿ ದೀಪವಿದೆ, ನಡುವಿನ ದೇವಾಲಯದ ಕಿಟಕಿಗಳಲ್ಲಿ ಇಲ್ಲ. ದೇವರನ್ನು ನಕ್ಷತ್ರಗಳಲ್ಲಿ ಹುಡುಕುವವನ ಹಸಿವು ಇಲ್ಲಿ ನಿಜವಾದದ್ದೇ. ಆದರೆ ಇಡೀ ಚಿತ್ರದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಆಲೂಗಡ್ಡೆಯ ತಟ್ಟೆಯ ಸುತ್ತ ಕಂಡಿದ್ದ ದೇವರು ಇಲ್ಲಿ ಕೈಗೆಟುಕದಷ್ಟು ದೂರ ಹೋಗಿದ್ದಾನೆ. ಅತಿ ದೊಡ್ಡ ನಕ್ಷತ್ರಗಳಿಗೆ ಕೈಚಾಚಿ ಸೋತೆನೆಂಬ ಅರ್ಥದ ಮಾತನ್ನು ವ್ಯಾನ್‌ಗೋ ತಾನೇ ಬೆರ್ನಾರನಿಗೆ ಬರೆದಿದ್ದಾನೆ. ಈ ಒಂದು ವಿಷಯದಲ್ಲಿ ಅಭಿಮಾನಿಗಳಿಗಿಂತ ಕಲಾವಿದನ ತೀರ್ಪೇ ಸರಿಯೆಂದು ನನಗೆ ತೋರುತ್ತದೆ.

ನನ್ನನ್ನು ಹೆಚ್ಚು ಕಾಡುವುದು 1890ರ ಜೂನ್‌ನಲ್ಲಿ, ಸಾವಿಗೆ ಎರಡು ತಿಂಗಳೂ ಉಳಿದಿರದಾಗ, ಬರೆದ ‘ಓವೇರ್‌ನ ದೇವಾಲಯ’. ಕಡುನೀಲಿ ಆಕಾಶದ ಕೆಳಗೆ ಹಳೆಯ ಕಲ್ಲಿನ ಕಥೋಲಿಕ ದೇವಾಲಯ. ಮುಂದಿನ ಹುಲ್ಲಿನ ಮೇಲೆ ಬಿಸಿಲಿದೆ. ದಾರಿ ಕವಲೊಡೆದು ದೇವಾಲಯದ ಎಡಕ್ಕೂ ಬಲಕ್ಕೂ ಸಾಗುತ್ತದೆ. ಎಡದ ದಾರಿಯಲ್ಲಿ ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ ನಡೆಯುತ್ತಿದ್ದಾಳೆ. ಬಾಗಿಲು ಎಲ್ಲಿಯೂ ಕಾಣುವುದಿಲ್ಲ. ಸಭೆಯ ಬಾಗಿಲು ಮುಚ್ಚಿದೆ ಎಂಬುದಕ್ಕೆ ಇದು ಸಾಕ್ಷಿಯೆಂದು ಹಲವರು ಬರೆದಿದ್ದಾರೆ. ಆದರೆ ಆತ ನಿಂತದ್ದು ಎಲ್ಲಿ ಎಂಬುದನ್ನು ಗಮನಿಸಬೇಕು. ಆತ ನಿಂತದ್ದು ದೇವಾಲಯದ ಹಿಂಬದಿಯಲ್ಲಿ. ಬಾಗಿಲಿರುವುದು ಇನ್ನೊಂದು ಕಡೆ. ಹಿಂಬದಿಯ ಈ ದುಂಡು ಗೋಡೆಯ ಒಳಗಿರುವುದು ಬಲಿಪೀಠದ ಜಾಗ. ಅಂದರೆ ಜನರೆಲ್ಲ ಕುಳಿತುಕೊಳ್ಳುವ ಸ್ಥಳಕ್ಕಿಂತ ಬಲಿಪೀಠಕ್ಕೆ ಹತ್ತಿರದಲ್ಲಿ ಆತ ನಿಂತಿದ್ದ. ನಡುವೆ ಇದ್ದದ್ದು ಒಂದು ಗೋಡೆ ಮಾತ್ರ. ಆತನ ಇಡೀ ಬಾಳನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಚಿತ್ರ ಇನ್ನೊಂದಿಲ್ಲ. ಸುತ್ತಿ ಹೋಗಿ ಬಾಗಿಲು ತಟ್ಟಲಿಲ್ಲವೆಂಬುದು ಆತನ ಪಾಲಿನ ಕೊರತೆ. ಒಳಗಿನಿಂದ ಯಾರೂ ಸುತ್ತಿ ಬಂದು ಕರೆಯಲಿಲ್ಲವೆಂಬುದು ನಮ್ಮ ಪಾಲಿನದು.

ಕೆಲವೇ ವಾರಗಳಲ್ಲಿ ಆತ ತನ್ನ ಮೇಲೆಯೇ ಮಾಡಿಕೊಂಡ ಗಾಯದಿಂದ ತೀರಿಕೊಂಡಾಗ, ಆತ್ಮಹತ್ಯೆಯೆಂಬ ಕಾರಣಕ್ಕೆ ಆ ಊರಿನ ಗುರುಗಳು ಶವವಾಹನವನ್ನು ಕೊಡಲಿಲ್ಲ. ನೆರೆಯ ಮೇರಿ ಎಂಬ ಊರಿನಿಂದ ತರಬೇಕಾಯಿತು. ಅಂದಿನ ಸಭೆಯ ನಿಯಮ ಹಾಗಿತ್ತು. ಇಂದು ಹಾಗಿಲ್ಲ. 1983ರ ಹೊಸ ಧರ್ಮಸಭಾ ಕಾನೂನಿನಲ್ಲಿ ಆತ್ಮಹತ್ಯೆ ಮಾಡಿಕೊಂಡವರಿಗೆ ಅಂತ್ಯಕ್ರಿಯೆಯನ್ನು ನಿರಾಕರಿಸುವ ಹಳೆಯ ಮಾತಿಲ್ಲ. ಗಂಭೀರ ಮನೋವ್ಯಾಧಿ ವ್ಯಕ್ತಿಯ ಹೊಣೆಯನ್ನು ತಗ್ಗಿಸುತ್ತದೆ, ಅಂಥವರ ನಿತ್ಯರಕ್ಷಣೆಯ ಬಗ್ಗೆ ನಿರಾಶರಾಗಬಾರದು, ಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದು 1992ರ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ನಿಯಮ ಬದಲಾದರೂ ನಾಲಿಗೆ ಬದಲಾಗಿದೆಯೇ? ಸಾಲ, ಬೆಳೆರೋಗ, ಮನಸ್ಸಿನ ಕಾಯಿಲೆ ಇವುಗಳಿಂದ ಕುಗ್ಗಿ ಒಬ್ಬರನ್ನು ಕಳೆದುಕೊಂಡ ಮನೆಯ ಅಂಗಳದಲ್ಲಿ ನಾವು ಆಡುವ ಮಾತು ಎಂಥದು? ಅದಕ್ಕೂ ಮೊದಲು, ಕುಗ್ಗಿದವರು ಬದುಕಿರುವಾಗಲೇ ಅವರನ್ನು ವೈದ್ಯರ ಬಳಿಗೂ ಗುರುಗಳ ಬಳಿಗೂ ಕರೆದೊಯ್ಯುವ ನೆರೆಹೊರೆಯವರು ನಾವಾಗಿದ್ದೇವೆಯೇ?

ಎರಡನೆಯ ಮಾತು ನಮ್ಮ ದೇವಾಲಯಗಳ ಗೋಡೆಗಳ ಕುರಿತದ್ದು. ಸಭೆ ಯಾವುದೇ ಒಂದು ಶೈಲಿಯನ್ನು ತನ್ನದೆಂದು ಕಟ್ಟಿಕೊಂಡಿಲ್ಲ, ಎಲ್ಲ ಜನಾಂಗಗಳ, ಎಲ್ಲ ನಾಡುಗಳ ಕಲೆಗೂ ಅದರಲ್ಲಿ ಅವಕಾಶವಿದೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಸಾರಿತು. ಶಿವಮೊಗ್ಗ ಧರ್ಮಪ್ರಾಂತ್ಯ 1988ರಲ್ಲಿ ರೂಪುಗೊಂಡ ಮೇಲೂ ಮೂರು ದಶಕಗಳು ಕಳೆದಿವೆ. ಆದರೂ ಗೋಡೆಗೆ ಚಿತ್ರ ಬೇಕೆಂದಾಗ ನಮಗೆ ಮೊದಲು ಹೊಳೆಯುವುದು ಹೊರಗಿನಿಂದ ತರಿಸುವ ಅಚ್ಚಿನ ಪಟ. ಇದೇ ಮಣ್ಣಿನಲ್ಲಿ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ಸುಟ್ಟ ಅಕ್ಕಿಯ ಕಪ್ಪಿನಿಂದ, ಪುಂಡಿನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಾರೆ. ಸಾಗರ ಸೊರಬಗಳ ಗುಡಿಗಾರರ ಕೈಯಲ್ಲಿ ಗಂಧದ ಕೊರಡು ಮೂರ್ತಿಯಾಗುತ್ತದೆ. ಕುವೆಂಪು ಅವರು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ತೀರ್ಥಹಳ್ಳಿ ಸೀಮೆಯ ಜೀತದಾಳಾದ ಗುತ್ತಿಗೂ ಅವನ ನಾಯಿಗೂ ಕಥೆಯ ನಡುವೆ ಸ್ಥಾನ ಕೊಟ್ಟರು. ಮಲೆನಾಡಿನ ಸಾಹಿತ್ಯಕ್ಕೆ ಸಾಧ್ಯವಾದದ್ದು ಮಲೆನಾಡಿನ ದೇವಾಲಯಕ್ಕೆ ಏಕೆ ಸಾಧ್ಯವಾಗಬಾರದು?

ಇದಕ್ಕೆ ದೊಡ್ಡ ಹಣ ಬೇಕಿಲ್ಲ. ತಪಸ್ಸುಕಾಲಕ್ಕೆ ಮುನ್ನ ಧರ್ಮಕೇಂದ್ರದ ಮಕ್ಕಳಿಂದಲೇ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳನ್ನು ಬರೆಸಿ, ಆ ವರ್ಷ ಅವುಗಳ ಮುಂದೆಯೇ ಪ್ರಾರ್ಥಿಸಬಹುದು. ವೆರೋನಿಕಳಿಗೆ ಅವರು ಕಂಬಳಿ ಕೊಪ್ಪೆ ಹೊದಿಸಿದರೆ ಹೊದಿಸಲಿ. ಸಿರೇನಿನ ಸಿಮೋನ ತೋಟದ ಕೆಲಸದಿಂದ ಬಂದವನಂತೆ ಕಂಡರೆ ಕಾಣಲಿ. ಸಭಾಂಗಣದ ಒಂದು ಗೋಡೆಯನ್ನು ಚಿತ್ತಾರದ ಕಲಾವಿದೆಯರಿಗೆ ಕೊಡಬಹುದು. ಆದರೆ ಅದು ಅವರ ಮದುವೆಮನೆಯ ಕಲೆ, ಅವರ ಆಚರಣೆಗೆ ಸೇರಿದ್ದು. ಕೇಳಿ, ಗೌರವದಿಂದ ಕರೆದು, ತಕ್ಕ ಸಂಭಾವನೆ ಕೊಟ್ಟು, ಅವರ ಹೆಸರನ್ನು ಬರೆದೇ ಅದನ್ನು ಪಡೆಯಬೇಕು. ಇದನ್ನೆಲ್ಲ ಮಾಡುವಾಗ ಮನೆಯ ಪವಿತ್ರ ಹೃದಯದ ಪಟವನ್ನು ಇಳಿಸಬೇಕೆಂದು ಯಾರೂ ಹೇಳುತ್ತಿಲ್ಲ. ಅಜ್ಜಿಯರ ಕಣ್ಣೀರು ಕಂಡ ಪಟವದು. ಅದು ಅಲ್ಲಿಯೇ ಇರಲಿ.

ಕೊನೆಯದಾಗಿ, ಪ್ರತಿ ಧರ್ಮಕೇಂದ್ರದಲ್ಲಿಯೂ ಒಬ್ಬಿಬ್ಬರು ಇರುತ್ತಾರೆ: ಹೆಚ್ಚು ಪ್ರಶ್ನೆ ಕೇಳುವ, ಹೆಚ್ಚು ಕೊಟ್ಟುಬಿಡುವ, ಸಮಿತಿಗಳ ಅಳತೆಗೆ ಸಿಗದ, ಪುಸ್ತಕದ ಅಂಚಿನಲ್ಲಿ ಚಿತ್ರ ಗೀಚುವ ಯುವಕ ಯುವತಿಯರು. ಅವರನ್ನು ಸಂತರೆಂದು ಹೊಗಳಬೇಕಾಗಿಲ್ಲ, ತಲೆಕೆಟ್ಟವರೆಂದು ಬದಿಗೆ ಸರಿಸಲೂ ಬಾರದು. ಭಾನುವಾರ ಬಲಿಪೂಜೆಯ ವೇಳೆ ಅವರು ಒಳಗಿದ್ದಾರೆಯೇ, ಗೋಡೆಯ ಆಚೆ ನಿಂತಿದ್ದಾರೆಯೇ ಎಂದು ನೋಡುವ ಹೊಣೆ ಗುರುಗಳೊಬ್ಬರದೇ ಅಲ್ಲ, ಒಳಗೆ ಕುಳಿತ ನಮ್ಮೆಲ್ಲರದು. ಹೊರಗಿದ್ದರೆ ಎದ್ದು, ಸುತ್ತಿ ಹೋಗಿ, ಹೆಸರು ಹಿಡಿದು ಕರೆಯೋಣ.